ದಾನದ ಎಮ್ಮೆಯ ಹಲ್ಲು ಎಣಿಸಿದೆ: ಒಂದು ಉಚಿತ ಮಕ್ಕಳ ಕಾರ್ಯಕ್ರಮದ ಎರಡು ವರ್ಷ

ಸಂಸ್ಥೆಯ ಹೆಸರು ಇಲ್ಲಿ ಬರೆಯುತ್ತಿಲ್ಲ. ನನ್ನ ಮಗಳು ಇನ್ನೂ ಅಲ್ಲಿಗೆ ಹೋಗುತ್ತಾಳೆ, ನಾನೂ ಹೋಗುತ್ತೇನೆ, ಬೇರೆಯವರ ಮಕ್ಕಳ ವಿಷಯವೂ ಇದರಲ್ಲಿ ಬರುತ್ತದೆ. ಹೆಸರು ಬೇಡ ಅಂತಲೇ ಎಲ್ಲವನ್ನೂ ಬಿಡಿಸಿ ಬರೆಯಲು ಆಗುತ್ತಿದೆ.

ಅದು ಒಂದು ಸೇವಾ ಸಂಸ್ಥೆ ನಡೆಸುವ ವಾರಾಂತ್ಯದ ಕಾರ್ಯಕ್ರಮ. ಶನಿವಾರ ಮಧ್ಯಾಹ್ನ, ಭಾನುವಾರ ಬೆಳಿಗ್ಗೆ. ಕಥೆ ಓದುವುದು, ಚಿತ್ರ, ನಾಟಕ, ಆಟ. ವರ್ಷಕ್ಕೊಮ್ಮೆ ಎರಡು ರಾತ್ರಿಯ ಶಿಬಿರ. ಮಗಳು ಸೇರಿದಾಗ ಅವಳಿಗೆ ಎಂಟು ವರ್ಷ, ಈಗ ಹತ್ತು. ಮೊದಲ ವರ್ಷ ನಾನು ಬರೀ ತಾಯಿಯಾಗಿ ಹೋದೆ. ಎರಡನೇ ವರ್ಷ ಸ್ವಯಂಸೇವಕಿಯಾಗಿ ಸೇರಿದೆ. ಹಾಗಾಗಿ ಹೊರಗಿನಿಂದಲೂ ನೋಡಿದ್ದೇನೆ, ಒಳಗಿನಿಂದಲೂ ನೋಡಿದ್ದೇನೆ.

ಎಲ್ಲವೂ ಉಚಿತ. ಈ ಮಾತನ್ನು ಮೊದಲೇ ಹೇಳುತ್ತಿದ್ದೇನೆ, ಯಾಕೆಂದರೆ ಮುಂದಿನ ಎಲ್ಲದಕ್ಕೂ ಇದೇ ಬೇರು. ದಾನಕ್ಕೆ ಬಂದ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರಲ್ವಾ? ದುಡ್ಡು ಕೊಟ್ಟು ಸೇರಿಸಿದ ಟ್ಯೂಷನ್ ಆಗಿದ್ದರೆ ಹತ್ತು ಪ್ರಶ್ನೆ ಕೇಳುತ್ತಿದ್ದೆ. ಇಲ್ಲಿ ಬಾಯಿ ಬರಲಿಲ್ಲ. ಪಾಪ, ಒಳ್ಳೆಯ ಕೆಲಸ ಮಾಡುತ್ತಿದ್ದಾರೆ, ನಮ್ಮ ಮಕ್ಕಳಿಗಾಗಿ ಸಮಯ ಕೊಡುತ್ತಿದ್ದಾರೆ, ಅವರನ್ನು ಹೋಗಿ 'ನಿಮ್ಮಲ್ಲಿ ಯಾರು ಯಾರು ಇದ್ದಾರೆ, ಪರಿಶೀಲನೆ ಆಗಿದೆಯಾ' ಅಂತ ಕೇಳುವುದು ಹೇಗೆ ಅನ್ನೋ ಸಂಕೋಚ. ಅಲ್ಲಿ ಬರುವ ಹೆಚ್ಚಿನ ತಾಯಂದಿರಿಗೆ ಇದೇ ಸಂಕೋಚ ಇತ್ತು. ಕೆಲವರಿಗೆ ಭಯವೂ ಇತ್ತು, ಏನಾದರೂ ಕೇಳಿದರೆ ಮಗುವಿನ ಸೀಟು ಹೋಗಿಬಿಟ್ಟರೆ ಅಂತ. ಮಕ್ಕಳ ಸುರಕ್ಷತೆಯ ವಿಷಯದಲ್ಲಿ ಈ ಹಂಗಿನಷ್ಟು ಅಪಾಯದ್ದು ಇನ್ನೊಂದಿಲ್ಲ ಅಂತ ಎರಡು ವರ್ಷದ ನಂತರ ನನಗೆ ಖಚಿತವಾಗಿ ಅನ್ನಿಸಿದೆ.

ಮೊದಲು ಅವರ ಒಳ್ಳೆಯದನ್ನು ಹೇಳುತ್ತೇನೆ. ಅದು ಸಣ್ಣದಲ್ಲ.

ಸೇರಿಸಿದ ದಿನ ಒಂದು ಫಾರಂ ಕೊಟ್ಟರು. ಮಗುವನ್ನು ಕರೆದುಕೊಂಡು ಹೋಗಲು ಯಾರು ಬರಬಹುದು ಅಂತ ಅದರಲ್ಲಿ ಒಂದು ಕಾಲಂ. ನನ್ನ ಹೆಸರು, ಗಂಡನ ಹೆಸರು ಬರೆದು ಮರೆತುಬಿಟ್ಟೆ. ಎರಡು ತಿಂಗಳ ನಂತರ ಒಂದು ಶನಿವಾರ ಇಬ್ಬರಿಗೂ ಹೋಗಲು ಆಗಲಿಲ್ಲ, ನನ್ನ ತಮ್ಮನನ್ನು ಕಳಿಸಿದೆ. ಬಾಗಿಲ ಹತ್ತಿರ ಒಬ್ಬರು ಹಿರಿಯ ಹೆಂಗಸು ಕೂರುತ್ತಾರೆ, ಕೈಯಲ್ಲಿ ಒಂದು ಪಟ್ಟಿ. ಮಗಳು 'ಮಾಮಾ' ಅಂತ ಓಡಿ ಬಂದಿದ್ದಾಳೆ. ಆದರೂ ಅವರು ಬಿಡಲಿಲ್ಲ. 'ಸರ್, ಬೇಜಾರು ಮಾಡ್ಕೋಬೇಡಿ, ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ, ಅವರ ತಾಯಿ ನಮಗೆ ಫೋನ್ ಮಾಡಬೇಕು' ಅಂದರಂತೆ. ನಾನು ಬಸ್ಸಿನಲ್ಲಿದ್ದೆ, ಫೋನ್ ಎತ್ತಲಿಲ್ಲ. ಇಪ್ಪತ್ತೈದು ನಿಮಿಷ ಅವನು ಹೊರಗೆ ನಿಂತ. ಕೊನೆಗೆ ನಾನು ಫೋನ್ ಮಾಡಿದಾಗಲೂ ಸುಮ್ನೆ ಒಪ್ಪಲಿಲ್ಲ. ಇಟ್ಟುಬಿಡಿ ಅಂದು, ಫಾರಂನಲ್ಲಿದ್ದ ನಂಬರಿಗೆ ಅವರೇ ವಾಪಸ್ ಕರೆ ಮಾಡಿ, ತಮ್ಮನ ಗುರುತಿನ ಚೀಟಿ ನೋಡಿ, ಸಹಿ ಹಾಕಿಸಿಕೊಂಡು ಕಳಿಸಿದರು. ಆವತ್ತು ನನಗೆ ಸಿಟ್ಟು ಬಂದಿತ್ತು. ರಾತ್ರಿ ಮಲಗುವಾಗ ಯೋಚನೆ ಬಂತು: ಮಗು 'ಮಾಮಾ' ಅಂದಿತು ಅನ್ನೋ ಒಂದೇ ಕಾರಣಕ್ಕೆ ಬಿಟ್ಟುಬಿಡುವವರಾಗಿದ್ದರೆ, ಮಗು ಪ್ರೀತಿಯಿಂದ ಮಾಮಾ ಅನ್ನುವ ಯಾರ ಜೊತೆ ಬೇಕಾದರೂ ಕಳಿಸುತ್ತಿದ್ದರು. ಮಾರನೇ ದಿನ ಹೋಗಿ ಅವರಿಗೆ ಥ್ಯಾಂಕ್ಸ್ ಹೇಳಿದೆ. ಈ ವಿಮರ್ಶೆಯಲ್ಲಿ ಪೂರ್ತಿ ಐದು ಸ್ಟಾರ್ ಯಾರಿಗಾದರೂ ಕೊಡುವುದಾದರೆ ಅವರಿಗೆ.

ಸ್ವಯಂಸೇವಕಿಯಾಗಿ ಸೇರಲು ಅರ್ಜಿ ಹಾಕಿದಾಗ ಇನ್ನೂ ಜಾಸ್ತಿ ಗೊತ್ತಾಯಿತು. ಒಂದು ವರ್ಷದಿಂದ ವಾರವಾರ ನೋಡುತ್ತಿರುವ ಮುಖ, ಹಾಗೇ ತೆಗೆದುಕೊಳ್ಳುತ್ತಾರೆ ಅಂದುಕೊಂಡಿದ್ದೆ. ಇಲ್ಲ. ಗುರುತಿನ ದಾಖಲೆ, ಪೊಲೀಸ್ ಪರಿಶೀಲನೆ, ನನ್ನನ್ನು ಬಲ್ಲ ಇಬ್ಬರ ಹೆಸರು, ಅದರಲ್ಲೂ ಇಬ್ಬರೂ ಸಂಬಂಧಿಕರಾಗಿರಬಾರದು. ಇಬ್ಬರಿಗೂ ನಿಜವಾಗಿ ಫೋನ್ ಮಾಡಿದ್ದಾರೆ. ನನ್ನ ಹಳೇ ಆಫೀಸಿನವರೊಬ್ಬರು ಆಮೇಲೆ ಹೇಳಿದರು, 'ಅವರನ್ನು ಮಕ್ಕಳ ಜೊತೆ ಬಿಡಲು ನಿಮಗೇನಾದರೂ ಅಳುಕು ಇದೆಯಾ ಅಂತ ನೇರವಾಗಿ ಕೇಳಿದರು' ಅಂತ. ಕೇಳಬೇಕಾದ ಪ್ರಶ್ನೆ ಅದೇ. ಪೊಲೀಸ್ ದಾಖಲೆಯಲ್ಲಿ ಬರುವುದು ಸಿಕ್ಕಿಬಿದ್ದವರ ಹೆಸರು ಮಾತ್ರ. ಒಂದು ಕಡೆ ತಪ್ಪು ಮಾಡಿ, ಮರ್ಯಾದೆಗೆ ಅಂಜಿ ಆ ಸಂಸ್ಥೆಯವರು ಸದ್ದಿಲ್ಲದೆ ಕೆಲಸದಿಂದ ಬಿಡಿಸಿ, ಇನ್ನೊಂದು ಕಡೆ ಅದೇ ಮನುಷ್ಯ ಹೊಸ ಬಟ್ಟೆ ಹಾಕಿಕೊಂಡು ಮಕ್ಕಳ ಮುಂದೆ ನಿಲ್ಲುವುದು ಈ ಕ್ಷೇತ್ರದ ಹಳೇ ರೋಗ. ಅದಕ್ಕೇ ನೆರವಿನ ಕೆಲಸ ಮಾಡುವ ಸಂಸ್ಥೆಗಳು ಸೇರಿ 2019ರಲ್ಲಿ ಒಂದು ವ್ಯವಸ್ಥೆ ಶುರು ಮಾಡಿವೆ, ಕೆಲಸಕ್ಕೆ ಸೇರಿಸಿಕೊಳ್ಳುವ ಮುಂಚೆ ಹಿಂದಿನ ಸಂಸ್ಥೆಯನ್ನು 'ಇವರ ಮೇಲೆ ಲೈಂಗಿಕ ದುರ್ನಡತೆಯ ತನಿಖೆ ಏನಾದರೂ ಆಗಿತ್ತಾ' ಅಂತ ಬರೆದು ಕೇಳುವುದು, ಅವರು ಉತ್ತರ ಕೊಡುವುದು. ದೊಡ್ಡ ಸಂಸ್ಥೆಗಳಿಗೇ ಇದು ಇಷ್ಟು ತಡವಾಗಿ ಬಂದಿದೆ ಅಂದರೆ ಸಣ್ಣ ಸಂಸ್ಥೆಗಳ ಕಥೆ ಯೋಚಿಸಿ.

ಸಂದರ್ಶನದಲ್ಲಿ ಒಂದು ಪ್ರಶ್ನೆ ಕೇಳಿದರು. 'ಒಂದು ಮಗು ನಿಮ್ಮ ಹತ್ತಿರ ಬಂದು, ಅಕ್ಕಾ ಒಂದು ವಿಷಯ ಹೇಳ್ತೀನಿ, ಯಾರಿಗೂ ಹೇಳಲ್ಲ ಅಂತ ಪ್ರಾಮಿಸ್ ಮಾಡಿ ಅಂದರೆ ಏನು ಮಾಡುತ್ತೀರಿ?' ನಾನು ತಡಮಾಡದೆ 'ಪ್ರಾಮಿಸ್ ಮಾಡುತ್ತೇನೆ, ಇಲ್ಲದಿದ್ದರೆ ಅದು ಹೇಳುವುದೇ ಇಲ್ಲವಲ್ಲ' ಅಂದೆ. ತಪ್ಪು ಉತ್ತರ. ತರಬೇತಿಯಲ್ಲಿ ಅರ್ಥವಾಯಿತು. ಆ ಮಾತು ಕೊಟ್ಟರೆ ಎರಡೇ ದಾರಿ: ಮಗುವಿಗೆ ಕೊಟ್ಟ ಮಾತು ಮುರಿಯಬೇಕು, ಇಲ್ಲ ಮಗುವನ್ನು ಅಪಾಯದಲ್ಲೇ ಬಿಡಬೇಕು. ಬದಲಿಗೆ ಏನು ಹೇಳಬೇಕು ಅಂತ ಬಾಯಿಪಾಠ ಆಗುವವರೆಗೆ ಹೇಳಿಸಿದರು. 'ನೀನು ಹೇಳಿದ್ದನ್ನು ಎಲ್ಲರಿಗೂ ಹೇಳಲ್ಲ. ಆದರೆ ನಿನ್ನನ್ನು ಕಾಪಾಡಲು ಒಬ್ಬರಿಗೆ ಹೇಳಬೇಕಾಗಬಹುದು. ಯಾರಿಗೆ ಅಂತ ನಿನಗೂ ಹೇಳ್ತೀನಿ.' ಹೀಗೆ ಹೇಳಿದ ಮೇಲೂ ಹೆಚ್ಚಿನ ಮಕ್ಕಳು ಹೇಳುತ್ತಾರೆ ಅಂತ ತರಬೇತಿ ಕೊಟ್ಟವರು ತಮ್ಮ ಅನುಭವದಿಂದ ಹೇಳಿದರು.

ನಾಲ್ಕು ಗಂಟೆಯ ತರಬೇತಿ ಅದು, ಒಂದು ನಿಮಿಷ ದಂಡ ಅನ್ನಿಸಲಿಲ್ಲ. ಮಗು ಹೇಳುವಾಗ ನಡುವೆ ಬಾಯಿ ಹಾಕಬಾರದು. 'ಅವರು ನಿನ್ನನ್ನು ಮುಟ್ಟಿದರಾ?' ಅಂತ ನಾವೇ ಉತ್ತರ ಬಾಯಿಗೆ ತುರುಕಬಾರದು, 'ಆಮೇಲೆ ಏನಾಯ್ತು?' ಅಂತಷ್ಟೇ ಕೇಳಬೇಕು. ಮಗು ಬಳಸಿದ ಪದವನ್ನೇ ಬರೆಯಬೇಕು, ಅದು ತೊದಲು ಮಾತಾದರೂ, ಕೆಟ್ಟ ಪದವಾದರೂ ತಿದ್ದಬಾರದು. ದಿನಾಂಕ, ಸಮಯ, ಸಹಿ. ಆರೋಪ ಇರುವವರ ಹತ್ತಿರ ನಾವೇ ಹೋಗಿ ಜಗಳ ತೆಗೆಯಬಾರದು, ತನಿಖೆ ನಮ್ಮ ಕೆಲಸ ಅಲ್ಲ. ಅದೇ ದಿನ ಮಕ್ಕಳ ರಕ್ಷಣೆಯ ಹೊಣೆ ಇರುವ ಅಧಿಕಾರಿಗೆ ಮುಟ್ಟಿಸಬೇಕು, ಮಗು ಈಗಲೇ ಅಪಾಯದಲ್ಲಿದ್ದರೆ ನೇರ ಪೊಲೀಸರಿಗೆ. ಈ ಬರೆಯುವ ಅಭ್ಯಾಸವನ್ನು ನಮ್ಮಿಂದ ಅಲ್ಲೇ ಮಾಡಿಸಿದರು. ಇಬ್ಬರು ಮಾತಾಡಿದರು, ಉಳಿದವರು ಬರೆದರು. ಹನ್ನೊಂದು ಜನರಲ್ಲಿ ಏಳು ಜನ 'ಮಗು ಹೆದರಿತ್ತು' ಅಂತ ಬರೆದಿದ್ದೆವು. ಮಗುವಾಗಿ ಕೂತವರು ಆ ಮಾತು ಹೇಳಿರಲೇ ಇಲ್ಲ. ಹೇಳಿದ್ದು 'ನಾನು ಆವತ್ತು ಚಪ್ಪಲಿ ಹಾಕ್ಕೊಳ್ಳದೇ ಹೊರಗೆ ಬಂದೆ' ಅಂತ. ನಮ್ಮ ಊಹೆಯನ್ನು ಬರೆದು ಚಪ್ಪಲಿಯನ್ನು ಬಿಟ್ಟುಬಿಟ್ಟಿದ್ದೆವು.

ಇತಿಹಾಸವನ್ನೂ ಹೇಳಿದರು, ಅದು ಇಡೀ ಕೋಣೆಯನ್ನು ಸುಮ್ಮನಾಗಿಸಿತು. 2002ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಮತ್ತು ಸೇವ್ ದಿ ಚಿಲ್ಡ್ರನ್ ಸೇರಿ ಒಂದು ವರದಿ ಕೊಟ್ಟವು. ಗಿನಿ, ಲೈಬೀರಿಯಾ, ಸಿಯೆರಾ ಲಿಯೋನ್‌ನಲ್ಲಿ ಯುದ್ಧದಿಂದ ಓಡಿಬಂದು ಶಿಬಿರ ಸೇರಿದ್ದ ಮಕ್ಕಳನ್ನು, ಅವರಿಗೆ ಹಂಚಬೇಕಾದ ನೆರವನ್ನೇ ಮುಂದಿಟ್ಟು ಲೈಂಗಿಕವಾಗಿ ಬಳಸಿಕೊಂಡವರಲ್ಲಿ ನೆರವಿನ ಕಾರ್ಯಕರ್ತರೂ ಇದ್ದಾರೆ ಅನ್ನೋ ಆರೋಪಗಳು ಅದರಲ್ಲಿದ್ದವು. ಅನ್ನ ಹಂಚುವ ಕೈಯೇ ಅದು. ಮುಂದಿನ ವರ್ಷ, 2003ರಲ್ಲಿ, ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ನಿಯಮ ಹೊರಡಿಸಿದರು. ಆಯಾ ದೇಶದ ಕಾನೂನು ಒಪ್ಪಿಗೆಯ ವಯಸ್ಸು ಎಷ್ಟು ಅಂತ ಹೇಳಿದರೂ ಸರಿ, ಸಿಬ್ಬಂದಿ 18 ವರ್ಷದ ಒಳಗಿನವರ ಜೊತೆ ಲೈಂಗಿಕ ಸಂಪರ್ಕ ಇಟ್ಟುಕೊಳ್ಳುವಂತಿಲ್ಲ. 'ದೊಡ್ಡವಳು ಅಂದುಕೊಂಡೆ' ಅನ್ನೋ ನೆಪ ನಡೆಯುವುದಿಲ್ಲ. ಸಹೋದ್ಯೋಗಿಯ ಮೇಲೆ ಅನುಮಾನ ಬಂದರೆ ತಿಳಿಸಲೇಬೇಕು. ನಾನು ಆ ಹೊತ್ತು ಯೋಚಿಸಿದ್ದು ಆ ಮಕ್ಕಳ ತಾಯಂದಿರ ಬಗ್ಗೆ. ಅವರಿಗೂ ಇದೇ ಹಂಗು ಇದ್ದಿರಬೇಕು, ನಮ್ಮದಕ್ಕಿಂತ ಸಾವಿರ ಪಾಲು. ಪ್ರಶ್ನೆ ಕೇಳಿದರೆ ಹೊಟ್ಟೆಗೆ ಇಲ್ಲ.

ಈಗ ಎಡವಿದ ಕಡೆಗಳು.

ಫೋಟೋ. ಫಾರಂನಲ್ಲಿ ಫೋಟೋ ಹಾಕಬಹುದಾ ಅಂತ ಕೇಳಿದ್ದರು, ನಾನು 'ಬೇಡ' ಅಂತ ಗುರುತು ಹಾಕಿದ್ದೆ. ಆರನೇ ತಿಂಗಳಲ್ಲಿ ಅವರ ಪುಟದಲ್ಲಿ ಮಗಳ ಫೋಟೋ ಬಂತು. ಶಾಲೆಯ ಯೂನಿಫಾರ್ಮ್, ಎದೆಯ ಮೇಲೆ ಶಾಲೆಯ ಗುರುತು, ಕೆಳಗೆ ಅವಳ ಹೆಸರು, ಜಾಗದ ಹೆಸರು, ಜೊತೆಗೆ 'ಪ್ರತಿ ಶನಿವಾರ ಇಲ್ಲಿ ಸಿಗುವ ನಗು' ಅನ್ನೋ ಸಾಲು. ಹಾಕಿದವರಿಗೆ ಕೆಟ್ಟ ಉದ್ದೇಶ ಖಂಡಿತ ಇರಲಿಲ್ಲ. ಆದರೆ ಗೊತ್ತಿಲ್ಲದ ಒಬ್ಬ ಮನುಷ್ಯನಿಗೆ ಒಂದು ಮಗುವನ್ನು ಹುಡುಕಿಕೊಂಡು ಬರಲು ಬೇಕಾದದ್ದೆಲ್ಲ ಆ ಒಂದು ಚಿತ್ರದಲ್ಲಿತ್ತು: ಹೆಸರು, ಶಾಲೆ, ಜಾಗ, ದಿನ. ಹೇಳಿದ ದಿನವೇ ತೆಗೆದರು, ಅದಕ್ಕೆ ಮೆಚ್ಚುಗೆ ಇದೆ. ಆದರೆ ದಾನಿಗಳಿಗೆ ಕಳಿಸುವ ಪುಸ್ತಿಕೆ ಆಗಲೇ ಪ್ರಿಂಟ್ ಆಗಿ ಹೋಗಿತ್ತು. ಅದರಲ್ಲಿ ಇನ್ನೊಂದು ಹುಡುಗನ ಫೋಟೋ ಇತ್ತು, ಅಡಿಯಲ್ಲಿ ಅವನ ಮನೆಯ ಕಷ್ಟ ಪೂರ್ತಿ, ಅಪ್ಪ ಬಿಟ್ಟುಹೋದದ್ದು ಸೇರಿ. ಅವನ ತಾಯಿಯನ್ನು ಕೇಳಿದ್ದರು, ಅವರು ಹೂಂ ಅಂದಿದ್ದರು. ಉಚಿತವಾಗಿ ಕಲಿಸುವವರು ಕೇಳಿದಾಗ ಬೇಡ ಅನ್ನಲು ಅವರಿಗೆ ಹೇಗೆ ಬಾಯಿ ಬರಬೇಕು? ಆ ಹೂಂ ನನ್ನ ಲೆಕ್ಕದಲ್ಲಿ ಒಪ್ಪಿಗೆ ಅಲ್ಲ. ಆ ಹುಡುಗ ನಾಳೆ ಹದಿನೆಂಟು ವರ್ಷದವನಾದಾಗ ಆ ಪುಸ್ತಿಕೆ ಅವನ ಕೈಗೆ ಸಿಕ್ಕರೆ ಅಂತ ಯೋಚನೆ ಬರುತ್ತದೆ.

ಎರಡನೆಯದು ದೂರಿನ ಪೆಟ್ಟಿಗೆ. ಇತ್ತು. ಆಫೀಸ್ ಕೋಣೆಯೊಳಗೆ, ಸಂಚಾಲಕರ ಮೇಜಿನ ಹಿಂದಿನ ಗೋಡೆಗೆ, ನನ್ನ ತಲೆಯ ಎತ್ತರಕ್ಕೆ ಮೊಳೆ ಹೊಡೆದು ಕೂರಿಸಿದ್ದರು. ಎರಡು ವರ್ಷದಲ್ಲಿ ಒಂದೂ ಚೀಟಿ ಬಂದಿಲ್ಲ ಅಂತ ಸಭೆಯಲ್ಲಿ ಖುಷಿಯಿಂದ ಹೇಳಿದರು. ನಾನು ಮಗಳನ್ನು ಕೇಳಿದೆ. 'ಅಮ್ಮಾ, ಅದಕ್ಕೆ ಚೀಟಿ ಹಾಕಬೇಕಂದ್ರೆ ಕುರ್ಚಿ ಹತ್ತಬೇಕು, ಕುರ್ಚಿ ಸರ್ ಹತ್ರ ಕೇಳಬೇಕು' ಅಂದಳು. ಮುಂದಿನ ಸಭೆಯಲ್ಲಿ ಇದೇ ಮಾತನ್ನು ಇದ್ದ ಹಾಗೆ ಹೇಳಿದೆ. ಒಪ್ಪಿಕೊಂಡರು. ಮಕ್ಕಳನ್ನೇ ಕೇಳಿ ಜಾಗ ಆರಿಸಿದರು, ನೀರು ಕುಡಿಯುವ ಕಡೆಯ ಮೂಲೆ, ಸೊಂಟದ ಎತ್ತರ. ಬರೆಯಲು ಬಾರದ ಚಿಕ್ಕ ಮಕ್ಕಳಿಗೆ ಚಿತ್ರ ಬಿಡಿಸಿ ಹಾಕಬಹುದು ಅಂದರು. ಮೊದಲ ತಿಂಗಳಲ್ಲೇ ಹದಿನಾಲ್ಕು ಚೀಟಿ. ಟಾಯ್ಲೆಟ್ ಚಿಲಕ ಬೀಳಲ್ಲ. ದೊಡ್ಡ ಹುಡುಗರು ಚೆಂಡು ಕೊಡಲ್ಲ. ಒಬ್ಬ ಅಣ್ಣ ತಮಾಷೆಗೆ ಕಿವಿ ಹಿಂಡುತ್ತಾರೆ, ನೋವಾಗುತ್ತದೆ. ಚಿಲಕ ಅದೇ ವಾರ ಸರಿ ಮಾಡಿಸಿದರು. ಚಿಲಕದ ಮಾತು ಕೇಳಿಸಿಕೊಂಡರು ಅಂತ ಗೊತ್ತಾದ ಮಗು ಮಾತ್ರ ನಾಳೆ ಅದಕ್ಕಿಂತ ದೊಡ್ಡದನ್ನು ಹೇಳುತ್ತದೆ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 19ನೇ ವಿಧಿ ಮಕ್ಕಳನ್ನು ಹಿಂಸೆಯಿಂದ ಕಾಪಾಡಬೇಕು ಅನ್ನುತ್ತದೆ, 12ನೇ ವಿಧಿ ಮಕ್ಕಳ ಮಾತಿಗೆ ಬೆಲೆ ಕೊಡಬೇಕು ಅನ್ನುತ್ತದೆ. ಎರಡನೆಯದು ಇಲ್ಲದೆ ಮೊದಲನೆಯದು ಆಗುವುದಿಲ್ಲ ಅಂತ ಆ ಪೆಟ್ಟಿಗೆ ನೋಡಿದ ಮೇಲೆ ನಂಬಿದ್ದೇನೆ.

ಮೂರನೆಯದು ದೊಡ್ಡದು. ಒಬ್ಬ ಸ್ವಯಂಸೇವಕರು, ತುಂಬಾ ವರ್ಷದಿಂದ ಇದ್ದವರು, ಮಕ್ಕಳಿಗೆಲ್ಲ ಇಷ್ಟ. ಒಂದು ಮಗುವನ್ನು ಮಾತ್ರ ಆಗಾಗ ಸ್ಕೂಟರಿನಲ್ಲಿ ಮನೆಗೆ ಬಿಡುತ್ತಿದ್ದರು. ಆ ಮಗುವಿಗೆ ಮಾತ್ರ ಬಣ್ಣದ ಪೆನ್ಸಿಲ್ ಡಬ್ಬಿ ಕೊಟ್ಟಿದ್ದರು. ಫೋನಿನಲ್ಲಿ ನೇರ ಮೆಸೇಜ್ ಮಾಡುತ್ತಿದ್ದರು. ಇದರಲ್ಲಿ ಯಾವುದೂ ಅಪರಾಧ ಅಲ್ಲ. ಆದರೆ ಮೂರೂ ಸಂಸ್ಥೆಯ ನಡವಳಿಕೆಯ ನಿಯಮದಲ್ಲಿ ಬೇಡ ಅಂತ ಸ್ಪಷ್ಟವಾಗಿ ಬರೆದಿರುವ ವಿಷಯಗಳು: ಒಬ್ಬರೇ ಒಂದು ಮಗುವಿನ ಜೊತೆ ಪ್ರಯಾಣ ಇಲ್ಲ, ಒಂದು ಮಗುವಿಗೆ ಮಾತ್ರ ಉಡುಗೊರೆ ಇಲ್ಲ, ಮಗುವಿನ ಜೊತೆ ಖಾಸಗಿ ಮೆಸೇಜ್ ಇಲ್ಲ. ನಾನು ಸಹಿ ಹಾಕಿದ ಅದೇ ಕಾಗದಕ್ಕೆ ಅವರೂ ಸಹಿ ಹಾಕಿದ್ದರು.

ಹೇಳುವುದೋ ಬೇಡವೋ ಅಂತ ಒಂದು ವಾರ ಒದ್ದಾಡಿದೆ. ನಿಜವಾಗಿ ನಿದ್ದೆ ಬರಲಿಲ್ಲ. ಒಳ್ಳೆಯವರ ಹೆಸರು ಕೆಡಿಸಿದ ಹಾಗಾದರೆ? ಆಮೇಲೆ ತರಬೇತಿಯ ಮಾತು ನೆನಪಾಯಿತು, ನಾನು ತೀರ್ಪು ಹೇಳುತ್ತಿಲ್ಲ, ಕಂಡದ್ದನ್ನು ಹೇಳುತ್ತಿದ್ದೇನೆ ಅಷ್ಟೇ. ಮೊದಲು ಸಂಚಾಲಕರಿಗೆ ಹೇಳಿದೆ. 'ಅಯ್ಯೋ ಮೇಡಂ, ಅವರನ್ನು ನಮಗೆ ಹನ್ನೆರಡು ವರ್ಷದಿಂದ ಗೊತ್ತು, ದೇವರಂಥ ಮನುಷ್ಯ' ಅಂದರು. ಅಲ್ಲಿಗೆ ಮುಗಿಸಿದರು. ನನಗೆ ಅತಿ ಬೇಸರ ಆದದ್ದು ಇಲ್ಲೇ. ಮಕ್ಕಳಿಗೆ ಕೇಡು ಮಾಡುವವರಲ್ಲಿ ಜಾಸ್ತಿ ಜನ ಮಗುವಿಗೂ ಮನೆಯವರಿಗೂ ಪರಿಚಯದವರೇ ಆಗಿರುತ್ತಾರೆ, ಮೊದಲು ದೊಡ್ಡವರ ನಂಬಿಕೆ ಗಳಿಸಿಯೇ ಮಗುವಿನ ಹತ್ತಿರ ಬರುತ್ತಾರೆ ಅಂತ ಇದೇ ಸಂಸ್ಥೆಯ ತರಬೇತಿಯಲ್ಲಿ ನನಗೆ ಕಲಿಸಿದ್ದು. ದೇವರಂಥವರು ಅನ್ನೋದು ಆ ಪ್ರಶ್ನೆಗೆ ಉತ್ತರ ಅಲ್ಲ. ಅವರು ನಿಜವಾಗಿಯೂ ದೇವರಂಥವರೇ ಇರಬಹುದು, ಆಗಲೂ ನಿಯಮ ಅವರಿಗೂ ಬೇಕು. ಅವರ ಮೇಲೆ ನಾಳೆ ಸುಳ್ಳು ಮಾತು ಬಾರದಂತೆ ಕಾಯುವುದೂ ಅದೇ ನಿಯಮ.

ಎರಡನೇ ಸಲ ನೇರವಾಗಿ ಮಕ್ಕಳ ರಕ್ಷಣೆಯ ಅಧಿಕಾರಿಗೆ ಬರೆದು ಕೊಟ್ಟೆ. ಅವರು ಸಂಸ್ಥೆಯ ಆಡಳಿತ ಮಂಡಳಿಗೆ ನೇರ ವರದಿ ಮಾಡುವವರು, ಸಂಚಾಲಕರ ಕೈಕೆಳಗಿನವರಲ್ಲ. ಈ ಒಂದು ಏರ್ಪಾಡು ಆವತ್ತು ಕಾಪಾಡಿತು. ಅದೇ ಸಂಜೆ ಫೋನ್ ಮಾಡಿದರು, ಅರ್ಧ ಗಂಟೆ ಕೇಳಿಸಿಕೊಂಡರು, ಒಂದು ಸಲವೂ ನನ್ನನ್ನು ಅನುಮಾನದಿಂದ ಮಾತಾಡಿಸಲಿಲ್ಲ. ವಿಚಾರಣೆ ಮುಗಿಯುವವರೆಗೆ ಆ ವ್ಯಕ್ತಿಯನ್ನು ಮಕ್ಕಳಿಲ್ಲದ ಕೆಲಸಕ್ಕೆ ಹಾಕಿದರು. ಮಗುವಿನ ಮನೆಯವರ ಜೊತೆ ಮಾತಾಡಿದರು. 'ವಿಚಾರಣೆ ಮುಗಿದಿದೆ, ಕ್ರಮ ಆಗಿದೆ, ಏನು ಅಂತ ಹೇಳಲು ಆಗುವುದಿಲ್ಲ' ಅಂತ ನನಗೆ ತಿಳಿಸಿದರು. ಅದು ಸರಿಯೇ, ನನಗೆ ವಿವರ ಬೇಕಾಗಿಲ್ಲ, ನಾನೂ ಇಲ್ಲಿ ಅದಕ್ಕಿಂತ ಜಾಸ್ತಿ ಬರೆಯುವುದಿಲ್ಲ.

ಆದರೆ ಮೂರನೇ ದಿನಕ್ಕೆ ದೂರು ಕೊಟ್ಟವಳು ನಾನು ಅಂತ ಎಲ್ಲರಿಗೂ ಗೊತ್ತಾಗಿತ್ತು. ಹೇಗೆ ಅಂತ ಯಾರೂ ಒಪ್ಪಿಕೊಳ್ಳಲಿಲ್ಲ. ಮೊದಲು ಹೇಳಿದ್ದು ಒಬ್ಬರಿಗೇ, ಊಹಿಸುವುದು ಕಷ್ಟ ಅಲ್ಲ. ಎರಡು ತಿಂಗಳು ಕೆಲವರು ನನ್ನ ಜೊತೆ ಮಾತೇ ಆಡಲಿಲ್ಲ. ನನಗೆ ತಡೆದುಕೊಳ್ಳಲು ಆಯಿತು. ಅಲ್ಲಿ ಇಪ್ಪತ್ತು ವರ್ಷದ ಹುಡುಗಿಯರೂ ಸ್ವಯಂಸೇವಕರಾಗಿ ಬರುತ್ತಾರೆ, ಅವರು ಇದನ್ನು ನೋಡಿದರು, ಮುಂದೆ ತಾವು ಏನಾದರೂ ಕಂಡರೆ ಬಾಯಿ ಬಿಡುತ್ತಾರಾ? ಈ ಒಂದು ಕಾರಣಕ್ಕೆ ಒಂದೂವರೆ ಸ್ಟಾರ್ ಕಳೆಯುತ್ತಿದ್ದೇನೆ, ಅದನ್ನು ಅವರಿಗೂ ಹೇಳಿದ್ದೇನೆ.

ಶಿಬಿರದ ವಿಷಯ ಬೇಗ ಹೇಳುತ್ತೇನೆ. ಮೊದಲ ವರ್ಷ ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಅಂತ ಕೇಳಿದ್ದಕ್ಕೆ 'ಎಲ್ಲಾ ಒಟ್ಟಿಗೆ, ಮಜಾ ಇರುತ್ತೆ' ಅನ್ನೋ ಉತ್ತರ ಬಂತು, ಕಳಿಸಲಿಲ್ಲ. ಮಗಳು ಎರಡು ದಿನ ಅತ್ತಳು. ಎರಡನೇ ವರ್ಷ ಕಾಗದದ ಮೇಲೆ ಬರೆದು ಕೊಟ್ಟರು: ಹುಡುಗರಿಗೂ ಹುಡುಗಿಯರಿಗೂ ಬೇರೆ ಕೋಣೆ, ದೊಡ್ಡವರಿಗೆ ಬೇರೆ, ರಾತ್ರಿ ಪಾಳಿಯಲ್ಲಿ ಯಾವಾಗಲೂ ಇಬ್ಬರು, ಎಂಟು ಮಕ್ಕಳಿಗೆ ಒಬ್ಬರು ದೊಡ್ಡವರು. ಬ್ರಿಟನ್ನಿನ ಮಕ್ಕಳ ರಕ್ಷಣಾ ಸಂಸ್ಥೆ ಎನ್‌ಎಸ್‌ಪಿಸಿಸಿ 9ರಿಂದ 12 ವರ್ಷದ ಮಕ್ಕಳಿಗೆ ಸೂಚಿಸುವ ಲೆಕ್ಕವೂ ಅದೇ. ಇನ್ನೂ ಚಿಕ್ಕವರಾದರೆ ದೊಡ್ಡವರು ಜಾಸ್ತಿ ಬೇಕು, 4ರಿಂದ 8 ವರ್ಷಕ್ಕೆ ಆರು ಮಕ್ಕಳಿಗೆ ಒಬ್ಬರು. ಕಳಿಸಿದೆ. ಚೆನ್ನಾಗಿ ಆಯಿತು.

ಯಾರಾದರೂ ಇಂಥ ಕಾರ್ಯಕ್ರಮಕ್ಕೆ ಮಗುವನ್ನು ಸೇರಿಸುವವರಿದ್ದರೆ, ಮಕ್ಕಳ ರಕ್ಷಣೆಯ ನೀತಿ ಇದೆಯಾ ಅಂತ ಕೇಳಿ ಬಂದುಬಿಡಬೇಡಿ, ಎಲ್ಲರ ಹತ್ತಿರವೂ ಒಂದು ಫೈಲ್ ಇರುತ್ತದೆ. ಏನಾದರೂ ಆದರೆ ಯಾರಿಗೆ ಹೇಳಬೇಕು ಅಂತ ಬಾಗಿಲಲ್ಲಿ ಕೂತವರನ್ನು ಕೇಳಿ, ಆಮೇಲೆ ಅಲ್ಲಿ ಆಡುತ್ತಿರುವ ಒಂದು ಮಗುವನ್ನು ಕೇಳಿ. ಇಬ್ಬರೂ ಒಂದೇ ಹೆಸರು ಹೇಳಿದರೆ ಒಳಗೆ ಹೋಗಿ. ಕಳೆದ ಬಾರಿ ಪ್ರಶ್ನೆ ಬಂದಾಗ ಏನು ಮಾಡಿದಿರಿ ಅಂತಲೂ ಕೇಳಿ. 'ನಮ್ಮಲ್ಲಿ ಇದುವರೆಗೆ ಏನೂ ಆಗಿಲ್ಲ' ಅನ್ನೋ ಉತ್ತರ ಬಂದರೆ ನಾನಾದರೆ ಇನ್ನೂ ಎರಡು ಪ್ರಶ್ನೆ ಜಾಸ್ತಿ ಕೇಳುತ್ತೇನೆ. ಕೇಳುವಾಗ ಸಂಕೋಚ ಆಗುತ್ತದೆ, ನನಗೂ ಆಗಿತ್ತು. ಒಳ್ಳೆಯ ಸಂಸ್ಥೆಯವರು ಅದಕ್ಕೆ ಬೇಜಾರು ಮಾಡಿಕೊಳ್ಳುವುದಿಲ್ಲ.

ಐದಕ್ಕೆ ಮೂರೂವರೆ. ಕಲಿಸುವುದಕ್ಕೆ ಮಾತ್ರ ಆಗಿದ್ದರೆ ಪೂರ್ತಿ ಐದು ಕೊಡುತ್ತಿದ್ದೆ, ಮಗಳು ಅಲ್ಲಿ ಹೋದ ಮೇಲೆ ನಾಲ್ಕು ಜನರ ಮುಂದೆ ನಿಂತು ಕಥೆ ಹೇಳುತ್ತಾಳೆ. ದೂರು ಕೊಟ್ಟವರ ಹೆಸರು ಯಾರ್ಯಾರಿಗೆ ತಿಳಿಯಬಹುದು ಅಂತ ಬರೆದ ಹೊಸ ನಿಯಮ ಈ ತಿಂಗಳ ಆಡಳಿತ ಮಂಡಳಿ ಸಭೆಗೆ ಬರುತ್ತಿದೆ. ಅದು ಪಾಸಾಗಿ ಒಂದು ವರ್ಷ ನಡೆದರೆ ಇಲ್ಲಿಗೆ ಬಂದು ಸ್ಟಾರ್ ತಿದ್ದುತ್ತೇನೆ. ಹೊಸ ಶಿಬಿರದ ಫಾರಂ ನಿನ್ನೆ ಬಂತು. ಕರೆದುಕೊಂಡು ಹೋಗುವವರ ಕಾಲಂನಲ್ಲಿ ತಮ್ಮನ ಹೆಸರು ಸೇರಿಸಿದ್ದೇನೆ. ಫೋಟೋ ಕಾಲಂನಲ್ಲಿ ಈ ಸಲ ಮಗಳೇ ಪೆನ್ನು ತೆಗೆದುಕೊಂಡು 'ಬೇಡ' ಅಂತ ಗುರುತು ಹಾಕಿದಳು.